ಫ್ರೇಮಿನ ಜೊತೆ ಬಂದ ಗಂಡ

ಫೋಟೋದಲ್ಲಿ ಮುಖ ಮಾತ್ರ ಬೇಡ ಎಂದು ಅವಳು ಮೊದಲೇ ಕರಾರು ಮಾಡಿಕೊಂಡಿದ್ದಳು. ಕೈ ತೆಗೆಯಲಿ, ಬೆನ್ನು ತೆಗೆಯಲಿ, ಒಲೆ, ಮಂಚ, ಒಂಟಿ ಲೋಟ, ಏನು ಬೇಕಾದರೂ ತೆಗೆಯಲಿ. ಮುಖ ಪ್ರದರ್ಶನದಲ್ಲಿ ಕಂಡರೆ ಈ ಮನೆಯೂ ಕೈತಪ್ಪಿದಂತೆಯೇ.

ಅವಳದು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ವಯಸ್ಸು ನಲವತ್ತೊಂದು. ಅಮ್ಮನ ಕಾಯಿಲೆ ನೋಡಿಕೊಳ್ಳುತ್ತ ಮದುವೆಯ ಮಾತು ಹಿಂದೆ ಬಿತ್ತು. ಅಮ್ಮ ಹೋದ ಮೇಲೆ ಅಣ್ಣ, "ನಿನಗೇನಮ್ಮ, ಒಂಟಿ ಜೀವ, ಎಲ್ಲಾದ್ರೂ ಇರ್ತೀಯ" ಎಂದು ಮನೆ ಮಾರಿದ. ಆ 'ಎಲ್ಲಾದರೂ' ಎಲ್ಲಿದೆ ಎಂದು ಹುಡುಕಿ ಹುಡುಕಿ ಅವಳ ಚಪ್ಪಲಿ ಸವೆಯಿತು. ಬಾಡಿಗೆ ಮನೆಗೆಂದು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಯಜಮಾನ್ರು ಏನ್ ಮಾಡ್ತಾರೆ?" ಕೊನೆಗೆ ಇಲ್ಲಿ, ರೋಸಿಹೋಗಿ, "ಹಡಗಲ್ಲಿದ್ದಾರೆ" ಅಂದುಬಿಟ್ಟಳು. ಎರಡು ವರ್ಷವಾದರೂ ಆ ಹಡಗು ದಡ ಸೇರಿರಲಿಲ್ಲ.

ಬರೀ ಬಾಯಿಮಾತನ್ನು ಯಾರು ನಂಬುತ್ತಾರೆ? ಪೇಟೆಯಲ್ಲಿ ಫೋಟೋ ಫ್ರೇಮ್ ಕೊಂಡಾಗ, ಮಾದರಿಗೆಂದು ಅದರೊಳಗೆ ಹಾಕಿದ್ದ ಗಂಡಸನ್ನು ಅವಳು ಹಾಗೇ ಗೋಡೆಗೆ ನೇತುಹಾಕಿದಳು. ನೀಲಿ ಅಂಗಿ, ಒಳ್ಳೇ ಹಲ್ಲು. ಕೆಳಮನೆಯ ಓನರಮ್ಮ ನೋಡಿ, "ಪರವಾಗಿಲ್ಲ, ಲಕ್ಷಣವಾಗಿದ್ದಾರೆ" ಎಂದು ಸರ್ಟಿಫಿಕೇಟು ಕೊಟ್ಟಿದ್ದರು.

ಇಂಥವಳು ಫೋಟೋಗೆ ಯಾಕಾದರೂ ಒಪ್ಪಿದಳೋ! ಕನ್ನಡಕ ಮಾಡಿಸಲು ಬಂದಿದ್ದ ಫೋಟೋಗ್ರಾಫರ್ ಹುಡುಗಿ, "ಒಂದು ಪ್ರದರ್ಶನಕ್ಕೆ ಅಂತ ಒಂಟಿಯಾಗಿರೋ ಹೆಂಗಸರ ಫೋಟೋನ ಅವರವರ ಮನೇಲೇ ತೆಗೀತಿದ್ದೀನಿ. ಯಾರಾದ್ರೂ ಗೊತ್ತಾ ಅಕ್ಕ?" ಎಂದು ಕೇಳಿದಾಗ, "ನಾನಿದ್ದೀನಲ್ಲ" ಎಂದು ಬಾಯಿ ಜಾರಿತು. ಎರಡು ವರ್ಷದಲ್ಲಿ ಓನರಮ್ಮನನ್ನು ಬಿಟ್ಟರೆ ಅವಳ ಮನೆಗೆಂದು ಯಾರೂ ಬಂದಿರಲಿಲ್ಲ. ಯಾರಾದರೂ ಬರಲಿ ಎಂದು ಜೀವ ಹಪಹಪಿಸುತ್ತಿತ್ತು, ಅಷ್ಟೆ.

ಭಾನುವಾರ ಬೆಳಿಗ್ಗೆ ಹುಡುಗಿ ಬಂದಳು. ಕಿಟಕಿಯ ಪರದೆ ಸರಿಸಿ, ಬೆನ್ನು, ಕೈ ಎಲ್ಲ ತೆಗೆದು, ಕೊನೆಗೆ ಗೋಡೆ ನೋಡಿದಳು.

"ಇವರ್ಯಾರಕ್ಕ?"

"ಫ್ರೇಮಿನ ಜೊತೆ ಫ್ರೀ ಬಂದವರು ಕಣೇ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜ ಹೇಳಿ ಇಷ್ಟು ಹಗುರಾಗಿ ಎಷ್ಟು ಕಾಲವಾಗಿತ್ತು! ಆ ನಗುವಿನಲ್ಲಿ ಮೆಟ್ಟಿಲ ಮೇಲಿನ ಹೆಜ್ಜೆ ಅವಳಿಗೆ ಕೇಳಿಸಲಿಲ್ಲ.

"ಫೋಟೋ ತೆಗೆಯೋರು ಬಂದಿದ್ದಾರಂತೆ, ನನ್ನ ಮೊಮ್ಮಗಳದ್ದೂ ಒಂದು ತೆಗೆಸೋಣ ಅಂತ ಬಂದೆ" ಎಂದು ಓನರಮ್ಮ ಬಾಗಿಲಲ್ಲಿ ನಿಂತಿದ್ದರು. "ನೋಡಿ, ನಿನ್ನೆ ಫ್ರೇಮೂ ತಂದಿಟ್ಟಿದ್ದೀನಿ."

ಅವರ ಕೈಯಲ್ಲಿದ್ದ ಹೊಸ ಫ್ರೇಮಿನಲ್ಲಿ ನೀಲಿ ಅಂಗಿ, ಒಳ್ಳೇ ಹಲ್ಲು. ಪೇಟೆಯ ಅಂಗಡಿಯವನು ಇನ್ನೂ ಅದೇ ಗಂಡನನ್ನು ಮಾರುತ್ತಿದ್ದ.

ಅವಳ ಕಣ್ಣು ನೆಟ್ಟಲ್ಲೇ ನೆಟ್ಟದ್ದನ್ನು ನೋಡಿ ಓನರಮ್ಮ ತಮ್ಮ ಕೈ ನೋಡಿಕೊಂಡರು. ಆಮೇಲೆ ಗೋಡೆ. ಮತ್ತೆ ಕೈ.

"ಮೊನ್ನೆ ತಾನೇ ಫೋನ್ ಮಾಡಿದ್ರು ಅಂದ್ಯಲ್ಲಮ್ಮ!"

"ದಮ್ಮಯ್ಯ ಅಂತೀನಿ ಅಮ್ಮ." ಅವಳು ಓಡಿಹೋಗಿ ಅವರ ಕೈ ಹಿಡಿದಳು. "ಎರಡು ವರ್ಷದಲ್ಲಿ ನಿಮಗೆ ಏನಾದ್ರೂ ತೊಂದರೆ ಕೊಟ್ಟಿದ್ದೀನಾ? ಬಾಗಿಲು ಕೂಡ ಜೋರಾಗಿ ಹಾಕಿಲ್ಲ."

"ಸುಳ್ಳು ಹೇಳಿ ಸೇರ್ಕೊಂಡವಳನ್ನ ಹೇಗಮ್ಮ ನಂಬೋದು?"

"ನಿಜ ಹೇಳಿದ್ರೆ ಸೇರಿಸ್ಕೋತಿದ್ರಾ?"

ಮನೆ ಓನರಮ್ಮನದು. ಉತ್ತರ ಕೊಡುವ ಗರಜು ಅವರಿಗಿರಲಿಲ್ಲ. ಕೈ ಬಿಡಿಸಿಕೊಂಡರು.

"ತಿಂಗಳು ಮುಗಿಯೋದ್ರೊಳಗೆ ಇಬ್ಬರೂ ಖಾಲಿ ಮಾಡಿ" ಎಂದು ಗೋಡೆಯತ್ತಲೂ ಒಮ್ಮೆ ನೋಡಿ ಇಳಿದುಹೋದರು.

ಅವಳು ಮಂಚದ ಮೇಲೆ ಕುಸಿದಳು. ಅಮ್ಮ ಸತ್ತಾಗಲೂ ಅಳದಷ್ಟು ಜೋರಾಗಿ ಅತ್ತಳು. ಮತ್ತೆ ಬೀದಿ ಬೀದಿ, ಮತ್ತೆ ಅದೇ ಪ್ರಶ್ನೆ. ಇನ್ನು ಅವಳಿಂದಾಗದು. ಹುಡುಗಿ ಮೆಲ್ಲಗೆ ಕ್ಯಾಮೆರಾ ಮುಚ್ಚತೊಡಗಿದಳು.

"ಯಾಕೆ ಮುಚ್ತೀಯ?"

"ಇವತ್ತು ಬೇಡ ಬಿಡಿ ಅಕ್ಕ."

ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. ತಲೆಯೆತ್ತಿ ನೇರ ನೋಡಿದಳು.

"ಮುಖ ಬೇಡ ಅಂದಿದ್ದು ಮನೆಗೋಸ್ಕರ. ಮನೆ ಹೋಯ್ತಲ್ಲ. ಮುಖಾನೇ ತೆಗಿ."