ಕೀಸದೆ ಬಿಟ್ಟ ಗೋಡೆ

ಬೆಟ್ಟದ ಮೇಲಿನ ನಮ್ಮ ಊರಿನಲ್ಲಿ ಚಳಿ ತಡೆಯಲು ಮನೆಯೊಳಗಿನ ಗೋಡೆಗಳಿಗೆ ಹಲಗೆ ಹೊದಿಸುತ್ತಾರೆ. ನಲವತ್ತು ವರ್ಷ ನಾನು ಮಾಡಿದ್ದು ಆ ಬಡಗಿ ಕೆಲಸವನ್ನೇ. ನಾನು ಕೀಸುಳಿ ಆಡಿಸಿದ ಹಲಗೆಯ ಮೇಲೆ ನೊಣವೂ ಜಾರುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಅಡುಗೆಮನೆಗೆ ಮಾತ್ರ ಗರಗಸದಿಂದ ಬಂದ ಒರಟು ಹಲಗೆಗಳನ್ನು ಹಾಗೆಯೇ ಬಡಿದು, ಮುಂದಿನ ವಾರ ಕೀಸುತ್ತೇನೆ ಎಂದಿದ್ದೆ. ಆ ವಾರ ಬರಲು ಮೂವತ್ತೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಳು.

"ನಿಮ್ಮ ಮುಂದಿನ ವಾರ ಯಾವ ಕ್ಯಾಲೆಂಡರಲ್ಲೂ ಇಲ್ಲ ಕಣ್ರೀ" ಎಂದು ಸಿಬಿರು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಅನ್ನುತ್ತಿದ್ದಳು. ತಿಳಿಯದೆ ಮಾಡಿದ ತಪ್ಪುಗಳಿಗೆಲ್ಲ ದಿನಾ ಬೆಳಿಗ್ಗೆ ದೇವರ ಕ್ಷಮೆ ಬೇಡುವ ನಾನು, ತಿಳಿದೇ ಮಾಡಿದ ಈ ತಪ್ಪಿಗೆ ಅಡುಗೆಮನೆಗೆ ಹೋಗಿ ಒಂದು ಮಾತು ಕೇಳಿದವನಲ್ಲ.

ಅವಳು ಹೋದ ಮೂರನೇ ತಿಂಗಳು ಕೀಸುಳಿ ಹಿಡಿದು ಗೋಡೆಯ ಮುಂದೆ ನಿಂತೆ. ಆಗಲೇ ಮಗಳು ಬಂದಳು. ಮನೆಗಳ ಒಳಾಂಗಣ ವಿನ್ಯಾಸ ಅವಳ ಉದ್ಯೋಗ.

"ಅಪ್ಪಾ, ಮುಟ್ಟಬೇಡ. ಇದು ರಸ್ಟಿಕ್ ಸ್ಟೈಲ್, ಹಳ್ಳಿಮನೆ ಥರ ಒರಟೊರಟು. ಬಿಳಿ ಗೋಡೆ, ಖಾಲಿ ಕೋಣೆ ಎಲ್ಲ ಹಳೇದಾಯ್ತು, ಈಗ ಜನ ಇದನ್ನೇ ಕೇಳ್ತಿದಾರೆ. ನಾಳೆ ಗಿರಾಕಿಗಳಿಗೆ ತೋರಿಸ್ಬೇಕು."

"ರಸ್ಟಿಕ್ ಅಲ್ಲಮ್ಮ, ಸೋಮಾರಿತನ."

"ಅದನ್ನ ಅವರ ಮುಂದೆ ಹೇಳ್ಬೇಡ. ಬೇಕಂತಲೇ ಹಲಗೆ ಒರಟು ಮಾಡೋಕೆ ನಮ್ಮ ಕೆಲಸದವರಿಗೆ ಎರಡು ದಿನ ಬೇಕು. ನಿಂಗೆ ತಾನಾಗೇ ಬಂದಿದೆ."

ನನ್ನ ಮೈಗಳ್ಳತನ ಫ್ಯಾಷನ್‌ಗಿಂತ ಮೂವತ್ತೊಂದು ವರ್ಷ ಮುಂದಿತ್ತು. ಒಳಗೊಳಗೇ ಹಿಗ್ಗಿದ್ದೂ ನಿಜ, ಕೀಸುಳಿ ಕೆಳಗಿಟ್ಟದ್ದೂ ನಿಜ. ಆಮೇಲೆ ನಾಚಿಕೆಯಾಯಿತು.

"ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ."

"ಅಮ್ಮ ಇದ್ದಾಗ ಕೀಸಬೇಕಿತ್ತು" ಎಂದಳು ಮಗಳು, ಮೆಲ್ಲಗೆ. ಬೈದದ್ದಲ್ಲ, ಆದರೂ ಸಿಬಿರಿನಂತೆ ನಾಟಿತು.

ಕೀಸುಳಿ ಮತ್ತೆ ಎತ್ತಿಕೊಂಡು ಕಿಟಕಿಯ ಕಡೆಯಿಂದ ಶುರು ಮಾಡಿದೆ. "ಹೋಯ್ತು, ನನ್ನ ಸ್ಯಾಂಪಲ್ ಹೋಯ್ತು" ಎಂದು ಗೊಣಗುತ್ತಲೇ ಮಗಳು ಬಿದ್ದ ಸಿಪ್ಪೆಯನ್ನು ಗುಡಿಸುತ್ತಿದ್ದಳು. ಒಲೆಯ ಪಕ್ಕದ ಹಲಗೆಗೆ ಬಂದಾಗ ಕೀಸುಳಿಗೆ ಏನೂ ಸಿಗಲಿಲ್ಲ. ಅಂಗೈ ಇಟ್ಟು ನೋಡಿದೆ. ಹೆಂಡತಿ ದಿನಾ ಒರೆಸುತ್ತಿದ್ದ ಜಾಗ, ಹಾಲು ಉಕ್ಕುವುದನ್ನು ಕಾಯುತ್ತ ಒರಗುತ್ತಿದ್ದ ಜಾಗ. ಹಲಗೆ ನುಣ್ಣಗಾಗಿತ್ತು.

"ಯಾಕಪ್ಪಾ ನಿಲ್ಲಿಸಿದೆ?"

"ಇಲ್ಲಿ ಕೆಲಸ ಮುಗಿದಿದೆ. ನಿಮ್ಮಮ್ಮ ನನ್ನನ್ನ ನಂಬಿಕೊಂಡು ಕೂತಿರಲಿಲ್ಲ."

ಮಗಳೂ ಬಂದು ಕೈಯಾಡಿಸಿದಳು. ಅವಳಮ್ಮನ ಕೈ ಎಟುಕದ ಮೇಲಿನ ಭಾಗ ಮಾತ್ರ ಇನ್ನೂ ಒರಟಾಗಿಯೇ ಇತ್ತು. ಅಷ್ಟನ್ನಾದರೂ ನನಗೆ ಬಿಟ್ಟಿದ್ದಳಲ್ಲ ಎಂದುಕೊಂಡು, ಸ್ಟೂಲು ತರಲು ಮಗಳಿಗೆ ಹೇಳಿದೆ.