ಗಿಡಕ್ಕೆ ಹಾಕುವ ಔಷಧಿ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಿಕ್. ಜ್ವರದಲ್ಲಿದ್ದ ಮಗಳ ಪಕ್ಕ ಅರೆನಿದ್ದೆಯಲ್ಲಿ ಮಲಗಿದ್ದ ನಾನು ಮೊದಲು ಗಡಿಯಾರ ಅಂದುಕೊಂಡೆ. ಆದರೆ ಸದ್ದು ಅಡುಗೆಮನೆಯಿಂದ ಬರುತ್ತಿತ್ತು.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಸ್ಟ್ರಿಪ್ಪಿನಿಂದ ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ಬಕೆಟ್ಟಿನ ನೀರಿಗೆ ಬೀಳಿಸುತ್ತಿದ್ದರು. ಮಗಳಿಗೆ ಕೊಟ್ಟಿದ್ದ ಆಂಟಿಬಯಾಟಿಕ್. ಅದು ನಾಟುತ್ತಿಲ್ಲವೆಂದು ಡಾಕ್ಟರು ಸಂಜೆಯಷ್ಟೇ ನಿಲ್ಲಿಸಿ ಬೇರೆ ಬರೆದುಕೊಟ್ಟಿದ್ದರು.

"ಏನ್ಮಾಡ್ತಿದ್ದೀರಿ ಅತ್ತೆ?"

"ನಿದ್ದೆ ಬರ್ಲಿಲ್ಲ ಕಣೆ. ಈಗ ಕರಗೋಕೆ ಹಾಕಿದ್ರೆ ಬೆಳಗ್ಗೆ ಗಿಡಕ್ಕೆ ಹಾಕಬಹುದು. ತಂದಿದ್ದನ್ನ ಕಸಕ್ಕೆ ಎಸೀಲಾ?"

"ಗಿಡಕ್ಕಾ?"

"ಮತ್ತೆ? ಎಲ್ಲರೂ ಗಿಡಕ್ಕೆ ಔಷಧಿ ಹೊಡೆಯಲ್ವಾ? ಅಂಗಡಿಯವನು ಕೊಡೋದು ವಿಷ. ಇದಾದ್ರೆ ಮನುಷ್ಯರು ತಿನ್ನೋದು. ನಿನ್ನ ಮಾವ ಬಿಟ್ಟುಹೋದ ಮಾತ್ರೆನೆಲ್ಲ ಹೀಗೇ ಖರ್ಚು ಮಾಡಿದ್ದು. ನನ್ನ ಬದನೆಗೆ ಹುಳ ಬಿದ್ದಿದ್ದು ಯಾವತ್ತಾದ್ರೂ ನೋಡಿದ್ದೀಯಾ, ಓದಿದೋಳು?"

ಹುಳಕ್ಕೆ ಹೊಡೆಯುವುದೂ ಔಷಧಿ, ನಾವು ನುಂಗುವುದೂ ಔಷಧಿ. "ಕುಂಡಕ್ಕೆ ಔಷಧಿ ಹಾಕಿದ್ರಾ ಅತ್ತೆ?" ಎಂದು ನಾನೇ ಎಷ್ಟು ಸಲ ಕೇಳಿಲ್ಲ.

ಮಗಳ ಬೆರಳು ಸೀಳಿದ್ದು ತಾರಸಿಯ ಆ ಕುಂಡಗಳ ನಡುವೆಯೇ. ಅಜ್ಜಿಯ ಜೊತೆ ಸಸಿ ಕಿತ್ತು ನೆಡುವಾಗ ಒಡೆದ ಕುಂಡದ ಚೂರು ತಾಗಿ, ಮಣ್ಣು ಒಳಗೆ ಹೋಗಿ, ಬೆರಳು ಊದಿ ನೀಲಿಗಟ್ಟಿತ್ತು. "ಅಜ್ಜಿ, ನನ್ನ ಬೆರಳೂ ಬದನೆಕಾಯಿ ಆಗ್ತಿದೆ, ನೀರು ಹಾಕು" ಎಂದು ಮೊದಮೊದಲು ನಗುತ್ತಿದ್ದಳು. ಇಷ್ಟು ವರ್ಷ ಈ ಮಾತ್ರೆ ಕುಡಿದ ಮಣ್ಣಿನಲ್ಲೂ ಬದುಕುಳಿದ ರೋಗಾಣುವಿಗೆ ಇನ್ನು ಯಾವ ಮಾತ್ರೆ ನಾಟೀತು?

"ಇನ್ನು ಮೇಲೆ ಉಳಿದ ಮಾತ್ರೆ ನನ್ನ ಕೈಗೆ ಕೊಡಿ" ಎಂದು ಬಕೆಟ್ಟನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಸುರಿಯಲು ಕೈ ಬರಲಿಲ್ಲ. ಬಚ್ಚಲ ನೀರು ಚರಂಡಿಗೆ, ಚರಂಡಿ ಕೆಳಗಿನ ಬೀದಿಯ ತೆರೆದ ಕಾಲುವೆಗೆ. ಅಲ್ಲಿ ಮಕ್ಕಳು ಚೆಂಡು ಹುಡುಕಲು ಇಳಿಯುತ್ತಾರೆ. ತಾರಸಿಯ ಅಷ್ಟೂ ಮಣ್ಣನ್ನಾದರೂ ಎಲ್ಲಿಗೆ ಹೊತ್ತು ಹಾಕಲಿ? ಬಕೆಟ್ಟಿಗೆ ತಟ್ಟೆ ಮುಚ್ಚಿ ಮೂಲೆಗೆ ಸರಿಸಿದೆ. ಬೇರೇನೂ ತೋಚಲಿಲ್ಲ.

ಹೊಸ ಔಷಧಿಗೂ ಜ್ವರ ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಕೀವಿನ ಪರೀಕ್ಷೆಯ ವರದಿ ಬಂದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕರೆದರು. ಗಂಡ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರು.

"ಈ ಬ್ಯಾಕ್ಟೀರಿಯಾ ನಮ್ಮ ಹತ್ರ ಇರೋ ಯಾವುದಕ್ಕೂ ಬಗ್ಗುತ್ತಿಲ್ಲ. ಮೂಳೆಗೆ ಇಳಿದಿದೆ. ಬೆರಳು ತೆಗೆದರೆ ಕೈ ಉಳಿಯುತ್ತೆ."

"ಮಾತ್ರೆ ಕರಗಿಸಿದ ನೀರನ್ನ ಮಣ್ಣಿಗೆ ಹಾಕ್ತಾ ಬಂದ್ರೆ ಹೀಗಾಗುತ್ತಾ ಡಾಕ್ಟ್ರೇ?"

"ಆಗಬಹುದು. ಕೋಳಿಗೂ ಇವೇ ಔಷಧಿ ತಿನ್ನಿಸ್ತಾರೆ, ಆ ಗೊಬ್ಬರದಿಂದಲೂ ಬಂದಿರಬಹುದು, ಈ ಆಸ್ಪತ್ರೆಯ ಚರಂಡಿಯಿಂದಲೂ ಬಂದಿರಬಹುದು. ಇದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಯಾಕೆ ಕೇಳಿದ್ರಿ?"

"ಸುಮ್ನೆ."

ವಾರ್ಡಿನಲ್ಲಿ ಮಗಳು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಅತ್ತೆ ನನ್ನ ಮುಖ ನೋಡಿಯೇ ದನಿ ತಗ್ಗಿಸಿದರು.

"ತೆಗೀಬೇಕಂತಾ?"

ಹೌದೆಂದು ತಲೆಯಾಡಿಸಿದೆ. ಅವರು ಮಗುವಿನ ಬ್ಯಾಂಡೇಜು ಕಟ್ಟಿದ ಕೈಯನ್ನು ತಮ್ಮ ಸೆರಗಿನಲ್ಲಿ ಮುಚ್ಚಿಕೊಂಡರು, ಯಾರೋ ಈಗಲೇ ಬಂದು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಹಾಗೆ.

"ಎಲ್ಲಿಂದ ಬಂತಂತೆ ಕಣೆ ಈ ಪೀಡೆ?"

"ಗೊತ್ತಾಗಲ್ಲವಂತೆ ಅತ್ತೆ."

ಸುಳ್ಳಲ್ಲ, ಡಾಕ್ಟರು ಹೇಳಿದ ಮಾತೇ. ಮಾತ್ರೆ ನೀರಿನ ವಿಷಯ ಗಂಡನಿಗೆ ತಿಳಿದರೆ ಒಂದಲ್ಲ ಒಂದು ದಿನ ಸಿಟ್ಟಿನಲ್ಲಿ ಬಾಯಿಂದ ಬಿದ್ದುಬಿಡುತ್ತದೆ. ಆಮೇಲೆ ಅತ್ತೆ ಈ ಮಗುವನ್ನು ಹೀಗೆ ತೊಡೆಯ ಮೇಲೆ ಮಲಗಿಸಿಕೊಳ್ಳಲಾರರು. ಅವರಿಗೂ ಬೇಡ, ನಾಳೆ ದೊಡ್ಡವಳಾಗಿ ಕೇಳಿದರೆ ಇವಳಿಗೂ ಬೇಡ. ಯಾರಿಗೂ ಹೇಳುವುದಿಲ್ಲ.