ಮೇಷ್ಟ್ರ ಕಾಲಡಿಯ ಬ್ರೇಕು

ಮಹೇಂದ್ರ ಮನೆಗೆ ಬಂದವನೇ ಕಾಲಿಗೆ ಬಿದ್ದದ್ದು ಪರಶುರಾಮನಿಗೆ ಸಹಿಸಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಲಿಗೆ ಬಿದ್ದವನನ್ನು ಏನು ಮಾಡುವುದು?

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಪರಶುರಾಮ ಊರಿಗೆಲ್ಲ ಮೇಷ್ಟ್ರು. ಆವರಗೆರೆಯ ಈ ಮಹೇಂದ್ರನನ್ನು ಒಂದು ಕಾಲದಲ್ಲಿ ನಡುರಸ್ತೆಯಲ್ಲೇ ಕಾರಿನಿಂದ ಇಳಿಸಿ, "ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟೋನು ಜೈಲಿಗೆ ಹೋಗ್ತಾನಲೇ" ಎಂದು ಅಟ್ಟಿದ್ದವನು. ಅಂಥ ಪೋಕರಿ ಈಗ ಸಿನಿಮಾದಲ್ಲಿ ಹೀರೋ ಬದಲಿಗೆ ಕಾರು ಹಾರಿಸುವವನಾಗಿ, ಕಪ್ಪು ಕನ್ನಡಕ ತಲೆ ಮೇಲೇರಿಸಿಕೊಂಡು ಬಂದಿದ್ದ. ಲಂಗುಲಗಾಮಿಲ್ಲದ ಡ್ರೈವರೊಬ್ಬ ಪೊಲೀಸರಿಗೂ ರೌಡಿಗಳಿಗೂ ಚಳ್ಳೆಹಣ್ಣು ತಿನ್ನಿಸುವ ನಗೆ ಸಿನಿಮಾ ಅಂತೆ, ಈ ಸಲ ಆ ಡ್ರೈವರನ ಪಾತ್ರವೂ ಇವನದೇ ಅಂತೆ. ಒಂದು ಚೇಸಿನಲ್ಲಿ ಅವನು ಡ್ರೈವಿಂಗ್ ಸ್ಕೂಲಿನ ಕಾರನ್ನೇ ಎಗರಿಸಿಕೊಂಡು ಓಡುತ್ತಾನೆ. ಪಕ್ಕದ ಸೀಟಿನಲ್ಲಿ ಸಿಕ್ಕಿಹಾಕಿಕೊಂಡ ಮೇಷ್ಟ್ರು ಹೆದರಿ ಅರಚಬೇಕು.

"ಕಾರೂ ನಮ್ಮ ಮೇಷ್ಟ್ರದೇ ಆಗ್ಬೇಕು, ಮೇಷ್ಟ್ರೂ ಅವರೇ ಆಗ್ಬೇಕು ಅಂತ ಡೈರೆಕ್ಟರಿಗೆ ಹೇಳೀನ್ರಿ," ಎಂದ ಮಹೇಂದ್ರ.

"ಎಷ್ಟು ಬೆಳೆದ್ರೂ ಗುರುನ ಮರೆತಿಲ್ಲ ನೋಡ್ರಿ," ಎಂದಳು ಹೆಂಡತಿ ನೇತ್ರಾವತಿ. ಅವನ ಮಂಡಕ್ಕಿ ತಟ್ಟೆಗೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಬಿತ್ತು. ಗಂಡನ ತಟ್ಟೆಗೆ ಬಿದ್ದದ್ದು ಮೊದಲ ಸುತ್ತಿನದು, ಆರಿ ತಣ್ಣಗಾದದ್ದು. ಪರಶುರಾಮ ಅದನ್ನೂ ಗಮನಿಸಿದ. ಹೊಟ್ಟೆ ಉರಿಯುವಾಗ ಮನುಷ್ಯನ ಕಣ್ಣಿಗೆ ಮಿರ್ಚಿಯ ಹಬೆ ಕೂಡ ಕಾಣುತ್ತದೆ.

ಅದನ್ನಾದರೂ ನುಂಗಿಕೊಂಡಾನು. ನುಂಗಲಾಗದ್ದು ಮಗಳು ಕೀರ್ತನಾಳ ಮಾತು. "ಅಣ್ಣಾ, ಕಾರು ಗರಗರ ತಿರುಗಿಸೋದು ನಂಗೂ ಹೇಳಿಕೊಡ್ತೀರೇನ್ರಿ?" ಎಂದು ಅವಳು ಕಣ್ಣರಳಿಸಿ ಕೇಳಿದ್ದಳು. ಕಾಲೇಜಿಗೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಅಪ್ಪನ ಪಕ್ಕ ಕೂತು ಕಾರು ಕಲಿಯುತ್ತಿದ್ದ ಹುಡುಗಿ ಈಚೆಗೆ, "ನಿನ್ನ ಹತ್ರ ಕಲಿಯಾಕೆ ಆಗಲ್ಲಪ್ಪ, ಸಾಕು" ಎಂದು ಬಿಟ್ಟುಬಿಟ್ಟಿದ್ದಳು. ಯಾಕೆಂದು ಹೇಳಿರಲಿಲ್ಲ. ಪರಶುರಾಮನಿಗೆ ಬೆಳಗೆಂದರೆ ಆ ಪಾಠವೇ ಆಗಿತ್ತು. ಆ ಹುಡುಗಿ ಮತ್ತೆ ತನ್ನ ಪಕ್ಕ ಬಂದು ಕೂರಬೇಕು, ತನ್ನನ್ನೇ ದೊಡ್ಡ ಡ್ರೈವರ್ ಎನ್ನಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಸಿನಿಮಾಕ್ಕೆ ಒಪ್ಪಿಕೊಂಡದ್ದೂ ಅದಕ್ಕೇ.

ಶೂಟಿಂಗು ಹರಿಹರದಲ್ಲಿ, ಹೊಳೆ ಪಕ್ಕದ ರಸ್ತೆಯಲ್ಲಿ. ಕಲಿಸುವ ಕಾರಲ್ಲವೇ, ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕು ಇತ್ತು. ಅದನ್ನು ಒತ್ತಿದರೆ ಓಡಿಸುವವನ ಕಾಲಡಿಯ ಬ್ರೇಕೂ ತಾನಾಗಿ ಕೆಳಗಿಳಿಯುತ್ತದೆ. ಅದನ್ನು ಬಿಚ್ಚಿಸಿಬಿಡೋಣ ಎಂದ ಬೆಂಗಳೂರಿನ ಡೈರೆಕ್ಟರು.

"ಬ್ಯಾಡ್ರಿ ಸರ್, ಇರ್ಲಿ," ಎಂದ ಮಹೇಂದ್ರ. "ಮೇಷ್ಟ್ರ ಕಾಲು ಅಲ್ಲೈತೆ ಅಂದ್ರೆ ನಂಗೆ ಧೈರ್ಯ."

ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ? ಪರಶುರಾಮನ ಮೈಯೆಲ್ಲ ಉರಿದುಹೋಯಿತು.

ಕಾರು ಹೊರಟಿತು. ಮಂಡಕ್ಕಿ ಚೀಲ ಒಟ್ಟಿದ ಟ್ರ್ಯಾಕ್ಟರಿಗೂ ತಳ್ಳುಗಾಡಿಗೂ ನಡುವೆ ನುಗ್ಗಿ, ಗರ್ರನೆ ತಿರುಗಿ ನಿಲ್ಲಬೇಕು. ಓಡಿಸುವವನ ಕೈಯನ್ನು ಮೇಷ್ಟ್ರು ನೋಡಿದ. ಕೈ ನಡುಗುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ. ಇವನು ನಿಜಕ್ಕೂ ತನಗಿಂತ ಚೆನ್ನಾಗಿ ಓಡಿಸುತ್ತಾನೆ ಎಂದು ಗೊತ್ತಾಗಿಹೋಯಿತು. ಅಷ್ಟರಲ್ಲೇ ಶೂಟಿಂಗು ನೋಡಲು ಬಂದಿದ್ದ ಜನರ ನಡುವಿನಿಂದ ಮಗಳ ದನಿ ಕೇಳಿತು: "ಮಹೇಂದ್ರಣ್ಣಾ!"

ಅಪ್ಪಾ ಅನ್ನಲಿಲ್ಲ.

ಪರಶುರಾಮ ಬ್ರೇಕು ಒತ್ತಿದ. ಹೆದರಿ ಒತ್ತಿದ್ದಲ್ಲ, ಬೇಕೆಂದೇ ಒತ್ತಿದ್ದು.

ಕಾರು ಜಾರಿ, ಅಡ್ಡ ತಿರುಗಿ, ಟ್ರ್ಯಾಕ್ಟರಿಗೆ ಹೋಗಿ ಗುದ್ದಿತು. ಚೀಲಗಳು ಬಿರಿದು ಕಿಟಕಿಯೊಳಗೆಲ್ಲ ಮಂಡಕ್ಕಿ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮಹೇಂದ್ರ ಮೊದಲು ತನ್ನ ಪಾದ ನೋಡಿಕೊಂಡ. ಆಮೇಲೆ ಮೇಷ್ಟ್ರ ಪಾದ ನೋಡಿದ. ಈಗ ಕಿರುಚುತ್ತಾನೆ ಎಂದು ಪರಶುರಾಮ ಕಾದ. ಅವನು ಕೆಳಗಿಳಿದು ಎಲ್ಲರಿಗೂ ಕೈಮುಗಿದ.

"ನಂದೇ ತಪ್ಪು ಸರ್. ಕಾಲು ಜಾರ್ತು."

ಇದರಲ್ಲೂ ಅವನೇ ಗೆದ್ದ.

ಆದರೆ ಡೈರೆಕ್ಟರು ಸಿಟ್ಟಾಗಿರಲಿಲ್ಲ. ಪುಟ್ಟ ಪರದೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬಾನೆಟ್ಟಿಗೆ ಕಟ್ಟಿದ್ದ ಕ್ಯಾಮೆರಾ ಇಬ್ಬರ ಮುಖವನ್ನೂ ಹಿಡಿದಿತ್ತು. ಯಾವುದಕ್ಕೂ ಜಗ್ಗದ ಡ್ರೈವರು ಕಣ್ಣು ಬಿಟ್ಟುಕೊಂಡು ಬಾಯಿ ಬಾಯಿ ಬಿಡುತ್ತಿದ್ದಾನೆ. ಅರಚಬೇಕಾದ ಮೇಷ್ಟ್ರು ಆರಾಮಾಗಿ ನಗುತ್ತಿದ್ದಾನೆ.

"ಇದನ್ನ ಬರೆಸಿದ್ರೂ ಸಿಗಲ್ಲ ಕಣ್ರೀ! ಪಿಕ್ಚರಲ್ಲಿ ಇದೇ ಇರುತ್ತೆ," ಎಂದ ಡೈರೆಕ್ಟರು.

ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಕೀರ್ತನಾ ನುಗ್ಗಿ ಬಂದು ನೋಡಿದಳು, ಇನ್ನೊಂದು ಸಲ ಹಾಕಿಸಿ ನೋಡಿದಳು. ಅವಳು ನಗಲಿಲ್ಲ. ಅಪ್ಪನ ಹತ್ತಿರ ಬಂದು, ಭುಜದ ಮೇಲಿನ ಮಂಡಕ್ಕಿ ಕೊಡವಿ, ಬೇರೆಯವರಿಗೆ ಕೇಳದಂತೆ ಅಂದಳು:

"ನಂಗೆ ಕಲಿಸ್ಬೇಕಾದ್ರೂ ಹಿಂಗೇ ಮಾಡ್ತಿದ್ದಿ ಅಪ್ಪ. ನಾನು ಚೆಂದಾಗಿ ಓಡಿಸ್ತಿರ್ಬೇಕಾದ್ರೇ ಬ್ರೇಕ್ ಒತ್ತಿಬಿಡ್ತಿದ್ದಿ. ಆವಾಗ್ಲೂ ನಿನ್ನ ಮಖದಾಗೆ ಇದೇ ನಗು ಇರ್ತಿತ್ತು."

"ಇಲ್ಲವ್ವಾ" ಎನ್ನಲು ಪರಶುರಾಮ ಬಾಯಿ ತೆರೆದ. ಅಷ್ಟರಲ್ಲಿ, ನೋಡದೆ ಉಳಿದವರಿಗೆಂದು ಡೈರೆಕ್ಟರು ಅದನ್ನೇ ಮತ್ತೊಮ್ಮೆ ಹಾಕಿಸಿದ. ಜನ ಮತ್ತೆ ನಕ್ಕರು. ಈ ಸಲ ಪರಶುರಾಮನೂ ನೋಡಿದ, ಮಗಳ ಪಕ್ಕ ನಿಂತು.